ದಿನ ಬಿಟ್ಟು ದಿನದ ಮಾತ್ರೆ

ಖಿನ್ನತೆಗೆ ಬರೆದುಕೊಟ್ಟ ಚೀಟಿಯಲ್ಲಿ 1-0-0 ಅಥವಾ 0-0-1 ಎಂದಿರುತ್ತದೆ. ಬೆಳಗ್ಗೆ ಒಂದು, ಇಲ್ಲವೇ ರಾತ್ರಿ ಒಂದು. ತಿಂಗಳುಗಳು ಕಳೆದು ಮನಸ್ಸು ತಿಳಿಯಾದ ಮೇಲೆ ಎಷ್ಟೋ ಜನರಿಗೆ ಸಿಗುವ ಸೂಚನೆಯೂ ಇಷ್ಟೇ ಚಿಕ್ಕದು: ‘ಹದಿನೈದು ದಿನ, ಒಂದು ದಿನ ಬಿಟ್ಟು ಒಂದು ದಿನ ತಗೊಂಡು ನಿಲ್ಲಿಸಿಬಿಡಿ.’ ನನ್ನ ತಕರಾರು ಈ ಎರಡನೆಯ ಸೂಚನೆಯ ಮೇಲೆ.

ಖಿನ್ನತೆಯ ಮಾತ್ರೆಗಳಲ್ಲಿ ಫ್ಲುಯೊಕ್ಸೆಟಿನ್‌ಗೆ ಈ ಕ್ರಮ ಹೊಂದುತ್ತದೆ. ಅದೂ ಅದರಿಂದ ಹುಟ್ಟುವ ಇನ್ನೊಂದು ರಾಸಾಯನಿಕವೂ ರಕ್ತದಲ್ಲಿ ವಾರಗಟ್ಟಲೆ ಉಳಿಯುತ್ತವೆ. ವಾರಕ್ಕೊಂದೇ ನುಂಗುವ 90 ಮಿ.ಗ್ರಾಂ ಕ್ಯಾಪ್ಸೂಲಿಗೆ ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಸಿಕ್ಕಿದ್ದೂ ಇದೇ ಕಾರಣಕ್ಕೆ. ಪ್ಯಾರೊಕ್ಸೆಟಿನ್ ಹಾಗಲ್ಲ. ಸುಮಾರು 21 ಗಂಟೆಗೆ ಅದು ಅರ್ಧವಾಗುತ್ತದೆ. ಒಂದು ದಿನ ಬಿಟ್ಟರೆ, 48 ಗಂಟೆಯ ಹೊತ್ತಿಗೆ ಐದರಲ್ಲೊಂದು ಪಾಲು ಮಾತ್ರ ಉಳಿದಿರುತ್ತದೆ. ವೆನ್ಲಾಫ್ಯಾಕ್ಸಿನ್ ಇನ್ನೂ ಬೇಗ ಇಳಿಯುತ್ತದೆ. ಹೀಗೆ ದಿನ ಬಿಟ್ಟು ದಿನ ನುಂಗುವವರ ಮೆದುಳು ಎರಡು ದಿನಕ್ಕೊಮ್ಮೆ ಹತ್ತಿ ಇಳಿಯುತ್ತಿರುತ್ತದೆ. ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ, ನಿದ್ದೆಗೇಡು, ಕಾರಣವಿಲ್ಲದ ಅಳು ಕಾಣಿಸಿಕೊಂಡಾಗ ಮನೆಯವರು ‘ಕಾಯಿಲೆ ಮರುಕಳಿಸಿತು’ ಅಂದುಕೊಳ್ಳುತ್ತಾರೆ.

2019ರಲ್ಲಿ ಸಂಶೋಧಕರಾದ ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ ‘ಲ್ಯಾನ್ಸೆಟ್ ಸೈಕಿಯಾಟ್ರಿ’ಯಲ್ಲಿ ಬರೆದ ಲೇಖನ ಈ ಗೊಂದಲದ ಬೇರನ್ನು ತೋರಿಸಿತು. ಸಿಟಾಲೊಪ್ರಾಮ್ ಎಂಬ ಇನ್ನೊಂದು ಮಾತ್ರೆಯ 20 ಮಿ.ಗ್ರಾಂ, ಈ ಮಾತ್ರೆಗಳ ಗುರಿಯಾದ ಮೆದುಳಿನ ಸೆರೊಟೋನಿನ್ ವಾಹಕಗಳಲ್ಲಿ ಸುಮಾರು ಶೇ. 80ರಷ್ಟನ್ನು ಹಿಡಿದಿಡುತ್ತದೆ. ಅದನ್ನು 9ಕ್ಕೆ ಇಳಿಸಿದರೂ ಹಿಡಿತ ಶೇ. 70. ಮೂರೂವರೆ ಮಿ.ಗ್ರಾಂ ಆಸುಪಾಸಿನಲ್ಲೂ ಅರ್ಧದಷ್ಟು ಉಳಿದಿರುತ್ತದೆ. ಅಂದರೆ ಇಳಿಜಾರು ಕಡಿದಾಗುವುದು ಕೊನೆಯ ಕೆಲವೇ ಮಿಲಿಗ್ರಾಂಗಳಲ್ಲಿ. ನಾವು ಗಡಿಬಿಡಿಯಿಂದ ದಾಟುವುದೂ ಅಲ್ಲೇ. ಲೇಖನದ ಕೊರತೆಯನ್ನೂ ಹೇಳಬೇಕು: ಅದರ ವಾದ ನಿಂತಿರುವುದು ಮೆದುಳಿನ ಚಿತ್ರಣಗಳ ಮೇಲೆ, ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗದ ಮೇಲಲ್ಲ. ಬಿಟ್ಟಾಗಿನ ತೊಂದರೆಯೆಲ್ಲ ಮಾತ್ರೆಯದೇ ಎಂದೂ ಹೇಳಲಾಗದು. 2021ರ ಬ್ರಿಟನ್ ಅಧ್ಯಯನವೊಂದರಲ್ಲಿ ಮಾತ್ರೆ ನಿಲ್ಲಿಸಿದವರಲ್ಲಿ ಶೇ. 56, ಮುಂದುವರಿಸಿದವರಲ್ಲಿ ಶೇ. 39 ಮಂದಿಗೆ ಒಂದು ವರ್ಷದೊಳಗೆ ಖಿನ್ನತೆ ಮರಳಿತ್ತು. ಮುಂದುವರಿಸಿದರೂ ಮರಳುತ್ತದೆ, ನಿಲ್ಲಿಸಿದರೂ ಹಲವರು ಚೆನ್ನಾಗಿಯೇ ಇರುತ್ತಾರೆ.

ಹಾಗಾದರೆ ಊಹೆಯ ಬದಲು ಒತ್ತಡದ ಹಾರ್ಮೋನು ಕಾರ್ಟಿಸಾಲ್ ಅಳೆದು ಡೋಸ್ ನಿಗದಿ ಮಾಡಬಹುದಲ್ಲವೇ ಎಂಬ ಆಸೆ ಹಳೆಯದು. ಕಾರ್ಟಿಸಾಲ್ ಬೆಳಗ್ಗೆ ಏರಿ ನಡುರಾತ್ರಿಗೆ ತಗ್ಗುತ್ತದೆ. ತೀವ್ರ ಖಿನ್ನತೆಯ ಹಲವರಲ್ಲಿ ಈ ಲಯ ಕೆಡುತ್ತದೆ. ರಾತ್ರಿ ಡೆಕ್ಸಾಮೆಥಸೋನ್ ಎಂಬ ಔಷಧಿ ಕೊಟ್ಟು ಮರುದಿನ ಕಾರ್ಟಿಸಾಲ್ ತಗ್ಗಿದೆಯೇ ಎಂದು ನೋಡುವ ಪರೀಕ್ಷೆಯನ್ನು ಮನೋವೈದ್ಯ ಬರ್ನಾರ್ಡ್ ಕ್ಯಾರಲ್ 1981ರಲ್ಲಿ ಮುಂದಿಟ್ಟಾಗ ಭರವಸೆ ದೊಡ್ಡದಿತ್ತು. ತೂಕ ಇಳಿದವರಲ್ಲಿ, ಬೇರೆ ಕಾಯಿಲೆಯವರಲ್ಲೂ ಖಿನ್ನತೆಯವರಂತೆಯೇ ಕಾರ್ಟಿಸಾಲ್ ತಗ್ಗದಿದ್ದಾಗ ಭರವಸೆ ಕರಗಿತು. ಸೆರೊಟೋನಿನ್ ವಾಹಕಗಳನ್ನು ಹಿಡಿಯುವ ಈ ಮಾತ್ರೆಗಳ ಮೊದಲ ಡೋಸ್ ಕಾರ್ಟಿಸಾಲನ್ನು ತುಸು ಏರಿಸಬಲ್ಲದು. ವಾರಗಳ ನಂತರ ಕೆಲವರಲ್ಲಿ ಅದು ಇಳಿಯುತ್ತದೆ, ಹಲವರಲ್ಲಿ ಮನಸ್ಸು ಹಗುರಾದರೂ ಹಾರ್ಮೋನು ಇದ್ದಲ್ಲೇ ಇರುತ್ತದೆ. ಹಾಗಾಗಿ ಡೋಸ್ ಏರಿಸಲು, ಇಳಿಸಲು ಲ್ಯಾಬ್ ವರದಿಗಿಂತ ರೋಗಿಯ ನಿದ್ದೆ, ಊಟ, ಮಾತು ಹೆಚ್ಚು ನಂಬಲರ್ಹ. ಏರಿಸುವುದಕ್ಕೂ ಮಿತಿಯಿದೆ: 2019ರಲ್ಲೇ ತೊಶಿ ಫುರುಕಾವ ತಂಡದ ವಿಶ್ಲೇಷಣೆಯ ಪ್ರಕಾರ ಫ್ಲುಯೊಕ್ಸೆಟಿನ್‌ಗೆ ಸಮಾನವಾದ ಲೆಕ್ಕದಲ್ಲಿ 20ರಿಂದ 40 ಮಿ.ಗ್ರಾಂ ದಾಟಿದರೆ ಗುಣ ಹೆಚ್ಚುವುದಿಲ್ಲ, ಅಡ್ಡಪರಿಣಾಮ ಹೆಚ್ಚುತ್ತದೆ.

ಮಾತ್ರೆ ಶುರುಮಾಡುವ ದಿನವೇ ‘ಬಿಡುವುದು ಹೇಗೆ ಡಾಕ್ಟ್ರೇ?’ ಎಂದು ಕೇಳಿ, ಉತ್ತರವನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ನೀವಾಗಿಯೇ ನಿಲ್ಲಿಸಬೇಡಿ. ದಾರಿ ಕಾಣದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.