ಒಗ್ಗರಣೆಯಲ್ಲಿ ಉಳಿಸಿದ ರೊಕ್ಕ

ಸಾಲ ಮೈಮೇಲೆ ಬಂದ ಮನೆಯಲ್ಲಿ ಮೊದಲು ಕಡಿಮೆಯಾಗುವುದು ಎಣ್ಣೆ. ಆಮೇಲೆ ಹಾಲು, ಅದರ ಹಿಂದೆ ಕಾಯಿಪಲ್ಲೆ, ಕೊನೆಗೆ ಮುದುಕಿಯ ಬಿಪಿ ಗುಳಿಗೆ. ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಯಾವ ಊರಿಗೆ ಹೋದರೂ ಈ ಕ್ರಮ ಹೆಚ್ಚು ಬದಲಾಗುವುದಿಲ್ಲ. ‘ಖರ್ಚು ಕಡಿಮಿ ಮಾಡಿ ಸಾಲ ಹರಕೋಬೇಕು’ ಎಂಬ ಮಾತಿಗೆ ನಮ್ಮ ಕಡೆ ದೊಡ್ಡ ಮರ್ಯಾದೆ ಇದೆ. ಹಾಗೆ ಮಾಡಿದವರನ್ನು ಊರು ಹೊಗಳುತ್ತದೆ, ಮಾಡದವರನ್ನು ಕಟ್ಟೆಯ ಮೇಲೆ ಕೂತು ಆಡಿಕೊಳ್ಳುತ್ತದೆ. ಈ ಪದ್ಧತಿ ಎಷ್ಟು ಸಾಲ ತೀರಿಸುತ್ತದೆ, ಯಾರ ಸಾಲ ತೀರಿಸುತ್ತದೆ, ಯಾರ ಹೊಟ್ಟೆಯಿಂದ ತೀರಿಸುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಬೇಕು. ಏಕೆಂದರೆ ನಾವು ಬಿಗಿ ಹಿಡಿಯುತ್ತಿರುವ ಜಾಗವೇ ತಪ್ಪು ಎಂಬುದು ನನ್ನ ತಕರಾರು.

ಒಂದು ಲೆಕ್ಕ ಹಿಡಿಯೋಣ. ಐದು ಮಂದಿಯ ಮನೆ. ದಿನಕ್ಕೆ ಅರ್ಧ ಲೀಟರ್ ಹಾಲು ನಿಲ್ಲಿಸಿದರೆ ತಿಂಗಳಿಗೆ 720 ರೂಪಾಯಿ. ಎಣ್ಣೆಯಲ್ಲಿ ಒಂದೂವರೆ ಕಿಲೋ ಇಳಿಸಿದರೆ 225. ಸಂತೆಯ ಕಾಯಿಪಲ್ಲೆಯಲ್ಲಿ ವಾರಕ್ಕೆ 80ರಂತೆ 320. ಚಹಾಪುಡಿ, ಸಕ್ಕರೆಯಲ್ಲಿ ಇನ್ನೊಂದು ನೂರೈವತ್ತು. ಒಟ್ಟು ಸಾವಿರದ ನಾಲ್ಕುನೂರರ ಆಜುಬಾಜು. ಇದಕ್ಕಿಂತ ಕೆಳಗೆ ಇಳಿಸಲು ಆ ಮನೆಯ ಅಡುಗೆಯಲ್ಲಿ ಏನೂ ಉಳಿಯುವುದಿಲ್ಲ. ರೊಟ್ಟಿ, ಶೇಂಗಾ ಹಿಂಡಿ, ನೀರು ನೀರಾದ ಬ್ಯಾಳಿ, ಅಷ್ಟೆ. ಈಗ ಆ ಮನೆಗೆ ಕೈಸಾಲ ಒಂದು ಲಕ್ಷ ಇದೆ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎನ್ನಿ. ‘ಮೂರು ರೂಪಾಯಿ’ ಎಂದರೆ ಕಿವಿಗೆ ಹಗುರ. ವರ್ಷಕ್ಕೆ ಶೇಕಡಾ 36 ಅದು. ತಿಂಗಳಿಗೆ ಬಡ್ಡಿಯೇ 3,000.

ಆ ಬಡ್ಡಿಗಾಗುವಷ್ಟು ದುಡಿಮೆ ಹೇಗೋ ಬರುತ್ತದೆ, ಮೇಲೆ ಅಡುಗೆಮನೆಯ 1,400 ಸೇರಿಸಿ ತಿಂಗಳಿಗೆ 4,400 ಕಟ್ಟುತ್ತಾರೆ ಎಂದಿಟ್ಟುಕೊಳ್ಳಿ. ಕಟ್ಟಿದಂತೆಲ್ಲ ಅಸಲು ಇಳಿಸಿಕೊಳ್ಳುವ ಪ್ರಾಮಾಣಿಕ ಸಾಹುಕಾರನೇ ಸಿಕ್ಕರೂ ಸಾಲ ಮುಗಿಯಲು 39 ತಿಂಗಳು ಬೇಕು. ಈಗ ಅದೇ ಸಾಲವನ್ನು ಬಂಗಾರದ ಮೇಲೆ ಬ್ಯಾಂಕಿಗೆ ಸಾಗಿಸಿ, ವರ್ಷಕ್ಕೆ ಶೇಕಡಾ 9ರಿಂದ 10ರ ಬಡ್ಡಿಗೆ. ಅಡುಗೆಮನೆಗೆ ಕೈ ಹಚ್ಚಬೇಡಿ. ಹಾಲೂ ಇರಲಿ, ಎಣ್ಣೆಯೂ ಇರಲಿ. ಮೊದಲಿನ 3,000ವನ್ನಷ್ಟೇ ಕಟ್ಟುತ್ತ ಹೋಗಿ. ಆಗಲೂ ಹೆಚ್ಚುಕಡಿಮೆ 39 ತಿಂಗಳೇ! ಮೊದಲನೆಯ ದಾರಿಯಲ್ಲಿ ಕಟ್ಟಿದ್ದು ಸುಮಾರು 1 ಲಕ್ಷ 70 ಸಾವಿರ, ಎರಡನೆಯದರಲ್ಲಿ 1 ಲಕ್ಷ 16 ಸಾವಿರ. ನಡುವಿನ 54 ಸಾವಿರ ಮೂರು ವರ್ಷ ಮಕ್ಕಳು ಕುಡಿಯದ ಹಾಲಿನದು, ಹೆಂಗಸು ಹಾಕದ ಒಗ್ಗರಣೆಯದು. ಅದರಲ್ಲಿ ಒಂದು ಪೈಸೆಯೂ ಸಾಲ ತೀರಿಸಲಿಲ್ಲ, ಅಷ್ಟೂ ಬಡ್ಡಿಯವನ ಮನೆ ಸೇರಿತು.

ಹಾಗಾದರೆ ಮಿತವ್ಯಯ ದಂಡವೇ? ಹಾಗೆ ಹೇಳಲಾರೆ. ಬಡ್ಡಿ ಇಳಿದ ಮೇಲೆ ಅದೇ 1,400 ಸೇರಿಸಿ ಕಟ್ಟಿದರೆ 39 ತಿಂಗಳ ಸಾಲ ಸುಮಾರು 25 ತಿಂಗಳಿಗೆ ಮುಗಿಯುತ್ತದೆ. ಉಳಿತಾಯಕ್ಕೆ ಬಲ ಬರುವುದು ಆಗ. ಕಿರಾಣಿ ಅಂಗಡಿಯ ಉದ್ರಿಯ ಮಾತೂ ಹೀಗೆಯೇ. ಉದ್ರಿಗೆ ಬಡ್ಡಿ ಇಲ್ಲ ಎಂದು ಎಲ್ಲರೂ ನಂಬುತ್ತಾರೆ. ಬಡ್ಡಿ ಸಾಮಾನಿನ ದರದಲ್ಲಿ ಕೂತಿರುತ್ತದೆ. ಖಾತೆ ಇರುವವ ದರ ಕೇಳುವಂತಿಲ್ಲ, ಅಂಗಡಿ ಬದಲಿಸುವಂತಿಲ್ಲ, ಹುಳ ಹಿಡಿದ ತೊಗರಿಬೇಳೆಯನ್ನು ವಾಪಸ್ ಕೊಡುವಂತಿಲ್ಲ. ಎರಡು ತಿಂಗಳು ಹೊಟ್ಟೆ ಕಟ್ಟಿ ಆ ಖಾತೆ ಹರಿದು ನಗದಿಗೆ ಬಂದ ಮನೆಗಳು ಆಮೇಲೆ ಚೇತರಿಸಿಕೊಂಡದ್ದನ್ನು ನೋಡಿದ್ದೇನೆ. ಸಣ್ಣ ಸಾಲಕ್ಕೆ ಸಣ್ಣ ಉಳಿತಾಯ ತಾಕುತ್ತದೆ. ಬೋರ್‌ವೆಲ್ಲು, ಆಪರೇಷನ್ನು, ಲಗ್ನದಿಂದ ಬಂದ ಸಾಲಕ್ಕೆ ತಾಕುವುದಿಲ್ಲ.

ಲಗ್ನದ ಮಾತು ಬಂದಿತು. ಎಣ್ಣೆ ಇಳಿಸಿದ ಮನೆಯಲ್ಲಿ ಇಳಿಯದೆ ಉಳಿಯುವ ಖರ್ಚೊಂದಿದೆ, ಆಯೇರಿ, ಅಂದರೆ ಕಾರ್ಯಕ್ಕೆ ಹೋದಾಗ ಕೊಡುವ ಉಡುಗೊರೆ. ಟ್ರಂಕಿನ ತಳದಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು, ಮೊದಲ ಹಾಳೆಯ ಮೇಲೆ ‘ಶ್ರೀ’, ಅರಿಷಿಣ ಕುಂಕುಮದ ಕಲೆ. ಒಳಗೆ ಸಾಲು ಸಾಲು: ದೊಡ್ಡವ್ವನ ಮನೆ, ಸೀರಿ ಒಂದು, ಕುಬಸ ಒಂದು, ರೂ. 500. ಬೀಗರು, ಪಂಚೆ, ಟಾವೆಲು, ರೂ. 1,000. ಆ ಮನೆಯಲ್ಲಿ ಸಾಲದ ಲೆಕ್ಕ ಬರೆದ ಹಾಳೆ ಹುಡುಕಿದರೂ ಸಿಗುವುದಿಲ್ಲ. ಯಾರಿಗೆ ಎಷ್ಟು ಕೊಡಬೇಕು ಎಂಬುದು ಯಜಮಾನನ ತಲೆಯಲ್ಲಿದೆ, ಅವನಿಗೂ ಪೂರ್ತಿ ನೆನಪಿಲ್ಲ. ಆಯೇರಿಯ ಲೆಕ್ಕ ಮಾತ್ರ ಹದಿನೈದು ವರ್ಷ ಹಿಂದಿನದೂ ಚೊಕ್ಕ. ಮಡಿಕೆ ಬಿಚ್ಚದೆ ಮನೆಯಿಂದ ಮನೆಗೆ ತಿರುಗುವ ಆ ಸೀರೆಗಳನ್ನು ಯಾರೂ ಉಡುವುದಿಲ್ಲವೆಂದು ಕೊಟ್ಟವರಿಗೂ ಗೊತ್ತು, ತಗೊಂಡವರಿಗೂ ಗೊತ್ತು. ಕುಬಸ, ತೊಟ್ಟಿಲು, ಜವಳ, ಮನೆಶಾಂತಿ, ಒಂದು ಮುಗಿಯುವುದರೊಳಗೆ ಇನ್ನೊಂದು.

ಇದನ್ನು ದುಂದು ಎಂದು ಬರೆದು ಮುಂದೆ ಹೋಗುವುದು ಸುಲಭ, ಬರೆಯುವವರು ಬರೆಯುತ್ತಲೂ ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ನಡುರಾತ್ರಿ ಗದಗಿನ ದವಾಖಾನೆಗೆ ಓಡಬೇಕಾದಾಗ ಬಡ್ಡಿ ಮಾತೆತ್ತದೆ ಹತ್ತು ಸಾವಿರ ಕೈಗಡ ಕೊಡುವವರು ಆ ನೋಟ್‌ಬುಕ್ಕಿನ ಒಳಗಿನವರೇ. ಆಯೇರಿ ನಿಲ್ಲಿಸಿದವರಿಗೆ ಆ ಬಾಗಿಲು ಮುಚ್ಚುತ್ತದೆ ಎಂಬ ಭಯಕ್ಕೆ ಅರ್ಥವಿದೆ. ಒಂಟಿ ಮನೆಗೆ ಇದನ್ನು ಕಡಿಯುವ ಧೈರ್ಯ ಬಾರದು, ಊರಿನ ದೈವದವರು ಕೂತು ಕಟ್ಟು ಹಾಕಿದರೆ ಬರುತ್ತದೆ. ಮಠಗಳ ಜಾತ್ರೆಯಲ್ಲಿ ನಡೆಯುವ ಸಾಮೂಹಿಕ ವಿವಾಹ ಗೆದ್ದದ್ದು ಈ ಕಾರಣಕ್ಕೆ. ಸ್ವಾಮಿಗಳ ಮುಂದೆ ತಾಳಿ ಕಟ್ಟಿದರೆ ಬಡತನದ ಮಾತು ಬರುವುದಿಲ್ಲ, ಭಕ್ತಿಯ ಮಾತಾಗುತ್ತದೆ. ಲಕ್ಷಗಟ್ಟಲೆ ಉಳಿಸುವ ಮಿತವ್ಯಯ ಅದೊಂದೇ. ಮಠದಲ್ಲಿ ತಾಳಿ ಕಟ್ಟಿಸಿ ಊರಿಗೆ ಬಂದು ಡಿಜೆ ಹಚ್ಚಿ ಇನ್ನೊಂದು ಊಟ ಹಾಕಿಸುವವರೂ ಇದ್ದಾರೆನ್ನಿ.

ಇನ್ನು ಹೆಂಗಸರ ಸಂಘದಲ್ಲಿ ಎತ್ತಿದ ಕಿರುಸಾಲದ ವಾರದ ಕಂತು. ಸಂಘದ ಸಾಲ ಗುಂಪಿನ ಮೇಲೆ ನಿಂತಿರುತ್ತದೆ. ಒಬ್ಬಳು ಕಟ್ಟದಿದ್ದರೆ ಉಳಿದವರು ಅವಳ ಕಟ್ಟೆಗೆ ಬಂದು ಕೂರುತ್ತಾರೆ. ‘ಯಕ್ಕಾ, ನಮ್ಮ ಮಾನಾನೂ ಕಳೀತಿ ಏನ?’ ಎಂದು ಕೇಳುವವಳು ದಿನಾ ಒಟ್ಟಿಗೆ ಕಳೆ ತೆಗೆಯಲು ಹೋಗುವ ಗೆಳತಿಯೇ. ಹೀಗಾಗಿ ಅಡುಗೆಮನೆಯಲ್ಲಿ ಉಳಿಸಿದ ರೊಕ್ಕ ಮೊದಲು ಹೋಗುವುದು ಬಾಗಿಲಲ್ಲಿ ಗದ್ದಲ ಮಾಡುವ ಸಾಲಕ್ಕೆ. ಗದ್ದಲ ಮಾಡದೆ ತಿಂಗಳಿಗೆ ಮೂರು ರೂಪಾಯಿಯಂತೆ ಬೆಳೆಯುವ ಸಾಲ ಹಿಂದೆ ಉಳಿಯುತ್ತದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಕೊಡುವ ಜಾಮೀನಿಲ್ಲದ ಸಾಲ ಕಿರುಸಾಲ. ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಕೇಳಲು ಇದು ಕಾವಲು. ತಿಂಗಳಿಗೆ 12 ಸಾವಿರ ದುಡಿಯುವ ಐದು ಮಂದಿಯ ಮನೆ ಕಂತಿಗೆ 6 ಸಾವಿರ ಕೊಟ್ಟು ಉಳಿದ 6 ಸಾವಿರದಲ್ಲಿ ಬದುಕಬಹುದೆಂದು ನಿಯಮವೇ ಒಪ್ಪಿಕೊಂಡಂತಾಯಿತಲ್ಲ! ಹಾಲು ನಿಲ್ಲುವುದು ಆ ಮನೆಯ ಆಯ್ಕೆಯೇ ಅಲ್ಲ, ಸಾಲ ಮಂಜೂರಾದ ದಿನವೇ ನಿಂತಿರುತ್ತದೆ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ತಪ್ಪಿತಸ್ಥರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಬಾಗಿಲ ಮುಂದಿನ ಗದ್ದಲಕ್ಕೆ ಅದು ಮದ್ದಾದೀತು, ಒಳಗಿನ ತಟ್ಟೆಗೆ ಅದರಿಂದ ಏನೂ ಬೀಳುವುದಿಲ್ಲ.

ಆ ತಟ್ಟೆಯಲ್ಲೂ ಕಡಿತ ಎಲ್ಲರಿಗೂ ಸಮವಲ್ಲ. ಕೊನೆಗೆ ಉಣ್ಣುವವಳ ಪಾಲಿಗೆ ಕಡಿತ ಪೂರ್ತಿ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದಿತು. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಮಗ್ಗದ ಮುಂದೆ ಕೂತವನ ಕೂಲಿ ಲೆಕ್ಕಕ್ಕೆ ಬರುತ್ತದೆ, ಕಂಡಿಕೆ ಸುತ್ತಿಕೊಡುವ ಹೆಂಡತಿಯದು ಬರುವುದಿಲ್ಲ. ಊಟ ಇಳಿಸಿಕೊಂಡು ದುಡಿಯುವವಳು ಅವಳು. ಕೈ ನಿಧಾನವಾದರೆ ಸೀರೆ ತಡ, ಸೀರೆ ತಡವಾದರೆ ಮಾಲೀಕನಿಂದ ಪಡೆದ ಮುಂಗಡ ಹರಿಯುವುದೂ ತಡ. ಹೀಗೆ ಉಳಿಸಿದ್ದು ಇನ್ನೊಂದು ಕಡೆ ಕಳೆದುಹೋಗುತ್ತದೆ, ಯಾವ ಪುಸ್ತಕದಲ್ಲೂ ಬರೆಯದೆ.

ನನಗೆ ವಿಚಿತ್ರ ಅನ್ನಿಸುವುದು ಬೇರೆಯೇ. ಸಾಲಕ್ಕೆ ಹೊಟ್ಟೆ ಕಟ್ಟುವುದೊಂದೇ ದಾರಿ ಎಂದು ಈ ನೆಲ ಹಿಂದೆಂದೂ ನಂಬಿರಲಿಲ್ಲ. ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶಕ್ಕೇ ಮೊದಲನೆಯದೆಂದು ಹೆಸರಾದ ಸಂಘ. ಕಡಿಮೆ ಉಣ್ಣಿ ಎಂದು ಅದು ಹೇಳಲಿಲ್ಲ, ಸಾಹುಕಾರನ ಬಡ್ಡಿಯಿಂದ ಹೊರಗೆ ಬನ್ನಿ ಎಂದಿತು. ಮುಂದೆ ಮಲಪ್ರಭೆಯ ಕಾಲುವೆ ಬಂತು, ನೀರು ಸರಿಯಾಗಿ ತಲುಪದ ಹೊಲಕ್ಕೂ ಅಭಿವೃದ್ಧಿ ಕರದ ಬಾಕಿ ಬಂತು, ಅದೇ ಹೊತ್ತಿಗೆ ಹತ್ತಿಯ ದರ ಬಿತ್ತು. ನರಗುಂದ, ನವಲಗುಂದದ ರೈತರು ಆ ಬಾಕಿಯನ್ನೇ ಪ್ರಶ್ನಿಸಿ ಬೀದಿಗೆ ಬಂದರು. 1980ರ ಜುಲೈ 21ರ ಗೋಲಿಬಾರಿನಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ಅಳಗವಾಡಿಯ ಬಸಪ್ಪ ಲಕ್ಕುಂದಿ ತೀರಿಕೊಂಡರು. ರೈತ ಸಂಘ ರಾಜ್ಯದಲ್ಲಿ ಬೇರೂರಿದ್ದು ಆ ಬಂಡಾಯದ ಬೆನ್ನಿಗೆ. ಈಗಿನ ಸಾಲಕ್ಕೆ ಬೀದಿ ಇಲ್ಲ. ಸಂಘದ ಕಂತೊಂದನ್ನು ಬಿಟ್ಟರೆ ಅದು ಒಬ್ಬೊಬ್ಬರ ಮೊಬೈಲಿನಲ್ಲಿದೆ, ಪಕ್ಕದ ಮನೆಗೂ ಗೊತ್ತಾಗಬಾರದ ಗುಟ್ಟಾಗಿದೆ. ಗುಟ್ಟಿನ ಸಾಲಕ್ಕೆ ಗುಟ್ಟಿನ ಉಪವಾಸವೇ ಉತ್ತರವಾಗುತ್ತಿದೆ.

ಸಾಲವನ್ನು ಬಂಗಾರದ ಮೇಲೆ ಬ್ಯಾಂಕಿಗೆ ಸಾಗಿಸಿ ಎಂದೆನಲ್ಲ, ಅದರ ಕಷ್ಟವನ್ನೂ ಹೇಳಬೇಕು. ಆ ಬಂಗಾರ ತವರಿನಿಂದ ಬಂದ ಬೋರಮಾಳ ಸರ. ಅದನ್ನು ಅಡವಿಡುವ ಮಾತು ಗಂಡನ ಬಾಯಿಂದ ಸಲೀಸಾಗಿ ಬರುತ್ತದೆ, ಹೊಸ ಬೈಕನ್ನು ಮಾರುವ ಮಾತು ಬರುವುದಿಲ್ಲ. ಬಂಗಾರದ ದರ ಏರಿದಂತೆ ಅದೇ ಸರದ ಮೇಲೆ ಇನ್ನಷ್ಟು ಎತ್ತಿ ಇನ್ನೊಂದು ಬೋರು ಕೊರೆಸಿದವರೂ ಇದ್ದಾರೆ. ಮನೆಯೊಡತಿಗೆ ಸರ್ಕಾರ ತಿಂಗಳಿಗೆ ಎರಡು ಸಾವಿರ ಕೊಡುವ ಗೃಹಲಕ್ಷ್ಮಿ ಬಂದ ಮೇಲೆ ಹಾಲಾದರೂ ಮರಳಿ ಬಂದೀತು ಎಂದುಕೊಂಡಿದ್ದೆ. ಎಷ್ಟೋ ಮನೆಗಳಲ್ಲಿ ಅದು ಕಂತಿನ ದಿನಕ್ಕೆ ಮೀಸಲಾಯಿತು, ತಡವಾದ ತಿಂಗಳು ಅದನ್ನೇ ನೆಚ್ಚಿ ಕೈಗಡ ಎತ್ತುವುದೂ ಆಯಿತು.

ನರಗುಂದ ತಾಲ್ಲೂಕಿನ ಒಂದು ಮನೆಯಲ್ಲಿ ಸಾಲ ಹರಿಯುವ ಈ ಕೆಲಸ ಬೇರೆ ರೀತಿ ನಡೆದದ್ದನ್ನು ಬಲ್ಲೆ. ಕಡಲೆ ಮಾರಿ ಬಂದ ಗಂಡ ಅಂಗಿ ಗೂಟಕ್ಕೆ ಹಾಕುವಾಗ ಹೆಂಡತಿ ಕೇಳಿದಳು, ‘ದಲಾಲಿ ಅಂಗಡಿ ಪಟ್ಟಿ ತೋರಸ್ರಿ.’ ಅವನಿಗೆ ಸಿಟ್ಟು ಬಂತು. ‘ನಿನಗ್ಯಾಕ ಬೇಕದು?’ ‘ಹಾಲು ಬಂದ್ ಮಾಡಿದಾಕಿ ನಾನು. ಎಲ್ಲಿಗೆ ಹೋತು ಅಂತ ನೋಡಬ್ಯಾಡೇನು?’ ಪಟ್ಟಿಯಲ್ಲಿ ಹಮಾಲಿ, ತೂಕ, ಬೀಜ-ಗೊಬ್ಬರಕ್ಕೆ ಮೊದಲೇ ಎತ್ತಿದ ರೊಕ್ಕ, ಅದರ ಬಡ್ಡಿ ಎಲ್ಲ ಮುರಿದು ಕೈಗೆ ಬಂದದ್ದು ಅರ್ಧಕ್ಕಿಂತ ಕಡಿಮೆ. ಅಂದು ರಾತ್ರಿ ಹೈಸ್ಕೂಲಿನ ಮಗಳು ಅಪ್ಪನ ಸಾಲಗಳನ್ನೆಲ್ಲ ಬಡ್ಡಿ ದರದ ಸಮೇತ ಒಂದು ಹಾಳೆಯ ಮೇಲೆ ಇಳಿಸಿದಳು. ಹಾಲು ಮರುದಿನವೇ ಶುರುವಾಯಿತು. ಬೈಕು ಹೋಯಿತು, ಪಂಚಮಿಗೆ ಹೆಣ್ಣುಮಕ್ಕಳನ್ನು ಕರೆಸಿದರೂ ಸೀರೆ ಇಲ್ಲದೆ ಉಂಡಿ ಕಟ್ಟಿ ಕಳಿಸಿದರು. ಮೊದಲು ಹರಿದದ್ದು ದಲಾಲಿಯ ಬಾಕಿ, ಆಮೇಲೆ ಮೂರು ರೂಪಾಯಿ ಬಡ್ಡಿಯ ಕೈಸಾಲ. ಸೊಸೈಟಿಯ ಬೆಳೆಸಾಲ ಈಗಲೂ ಇದೆ. 5 ಲಕ್ಷದವರೆಗಿನ ಆ ಸಾಲಕ್ಕೆ ಗಡುವಿನೊಳಗೆ ಕಟ್ಟಿದರೆ ಬಡ್ಡಿಯೇ ಇಲ್ಲ. ವರ್ಷವರ್ಷ ತುಂಬುತ್ತಾರೆ, ಮತ್ತೆ ತೆಗೆಯುತ್ತಾರೆ. ಅದನ್ನು ಹರಿಯುವ ಅವಸರ ಆ ಮನೆಯಲ್ಲಿ ಯಾರಿಗೂ ಇಲ್ಲ.