ಮಗುವಿನ ಚೀಲಕ್ಕೆ ಮಗುವಿನ ಅಳತೆ

ದೇವರಮನೆಯ ಕಾಲಭೈರವೇಶ್ವರ ದೇವಸ್ಥಾನದ ಹತ್ತಿರದ ಹುಲ್ಲುಗುಡ್ಡಗಳನ್ನು ಹತ್ತಿದರೆ ಗಾಳಿ ಬಿಡಿಸಿದ ಕೊಡೆಯನ್ನೇ ಮಗುಚಿಹಾಕುತ್ತದೆ. ಅಂಥ ಕಡೆ ಮಗುವಿನ ಕೈಯಿಂದ ಜಾರಿದ ಬಿಸ್ಕತ್ತಿನ ಪೊಟ್ಟಣವನ್ನು ಓಡಿಹೋಗಿ ಹಿಡಿಯಲು ಆಗುವುದಿಲ್ಲ. ಕಣ್ಣೆದುರೇ ಅದು ಕಣಿವೆಗಿಳಿದು ಶೋಲಾ ಕಾಡಿನ ಅಂಚಿಗೆ ಸೇರಿಕೊಳ್ಳುತ್ತದೆ. ಈ ಮೂಡಿಗೆರೆ ಸೀಮೆಗೆ ಬರುವ ಮಕ್ಕಳಿಗೆ ಪರಿಸರದ ಪಾಠ ಹೇಳುವವರು ಬೇಕಾದಷ್ಟು ಜನರಿದ್ದಾರೆ. ಆ ಪೊಟ್ಟಣವನ್ನು ಮಗು ಎಲ್ಲಿ ಇಟ್ಟುಕೊಳ್ಳಬೇಕು ಎಂದು ಯೋಚಿಸಿ ಒಂದು ಚೀಲ ಹೊಲಿದುಕೊಟ್ಟವರು ಕಡಿಮೆ. ಮಡಿಚಿ ಇಟ್ಟುಕೊಳ್ಳುವ, ಜೇಬುಗಳಿರುವ ಮಕ್ಕಳ ಕೈಚೀಲ ಹೊಲಿಯುವುದನ್ನು ನಾನು ಈ ಕಾರಣಕ್ಕೇ ಗಂಭೀರವಾದ ಕೆಲಸವೆಂದು ನೋಡುತ್ತೇನೆ. ಆ ಕೆಲಸ ಹೇಗೆ ನಡೆಯುತ್ತಿದೆ ಎಂಬುದರ ಬಗ್ಗೆ ನನಗೆ ತಕರಾರುಗಳಿವೆ.

ಮೊದಲನೆಯದು ಅಳತೆ. ಆರು ವರ್ಷದ ಮಗು ಕೈ ಇಳಿಬಿಟ್ಟು ನಿಂತರೆ ಅದರ ಮುಷ್ಟಿ ನೆಲದಿಂದ ಸುಮಾರು ಒಂದೂವರೆ ಅಡಿ ಮೇಲಿರುತ್ತದೆ. ಸಂತೆಗೆ ಒಯ್ಯುವ ಮಾಮೂಲಿ ಚೀಲದ ಒಡಲೂ ಹಿಡಿಯೂ ಸೇರಿದರೆ ಎರಡು ಅಡಿ. ಅದನ್ನೇ ಮಗುವಿಗೆ ಕೊಟ್ಟರೆ ಚೀಲ ನೆಲ ಗುಡಿಸುತ್ತದೆ, ಎರಡನೆಯ ದಿನ ಅಮ್ಮನ ಹೆಗಲಿಗೆ ಹೋಗುತ್ತದೆ. ಸಮಾರಂಭಗಳಲ್ಲಿ ಹಂಚುವ ಚೀಲಗಳ ಹಣೆಬರಹವೂ ಇದೇ. ಅವುಗಳಲ್ಲಿ ಹೆಚ್ಚಿನವು ಬಟ್ಟೆಯಂತೆ ಕಾಣುವ ‘ನಾನ್ ವೋವನ್’ ಚೀಲಗಳು, ಅಂದರೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಬಿಸಿಲಿಗೆ ಬಿದ್ದರೆ ಪುಡಿಪುಡಿಯಾಗಿ ಉದುರುತ್ತವೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಗಳ ನಿಷೇಧ ಬಂದದ್ದು 2016ರ ಮಾರ್ಚ್‌ನಲ್ಲಿ. ಇಷ್ಟು ವರ್ಷಗಳಾದರೂ ಮಗುವಿನ ಕೈಗೆ ಹೊಂದುವ ಒಂದು ಒಳ್ಳೆಯ ಚೀಲ ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗದಿರುವುದು ಬೇಸರದ ವಿಷಯ.

ಮಾದರಿಗೆ ದೂರ ಹೋಗಬೇಕಿಲ್ಲ. ನಮ್ಮ ಅಜ್ಜ ಅಜ್ಜಿಯರ ಎಲೆಅಡಿಕೆ ಸಂಚಿಯನ್ನು ಬಿಡಿಸಿ ನೋಡಿ. ಉದ್ದನೆಯ ಬಟ್ಟೆ, ಅದರಲ್ಲಿ ಒಂದರ ಪಕ್ಕ ಒಂದು ಕಿಸೆ: ಎಲೆಗೆ, ಅಡಿಕೆಗೆ, ಸುಣ್ಣದ ಡಬ್ಬಿಗೆ, ಹೊಗೆಸೊಪ್ಪಿಗೆ. ಸುರುಳಿ ಸುತ್ತಿ ದಾರ ಬಿಗಿದರೆ ಸೊಂಟಕ್ಕೆ ಸಿಕ್ಕಿಸಬಹುದು. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದು ಸಂಚಿ ಹೊನ್ನಮ್ಮ ಎಂದೇ ಉಳಿದಳು. ಸಂಚಿಯಲ್ಲಿ ಎಷ್ಟು ಸಾಮಾನಿದೆಯೋ ಅಷ್ಟೇ ಕಿಸೆ, ಚೆಂದಕ್ಕೆಂದು ಹಚ್ಚಿದ್ದು ಒಂದೂ ಇಲ್ಲ. ಒಳ್ಳೆಯ ಹೊಲಿಗೆಯ ಲಕ್ಷಣ ಅದು.

ಈಗಿನ ಹವ್ಯಾಸಿಗಳು ತಪ್ಪುವುದು ಇಲ್ಲೇ. ಎಂಟು ಜೇಬು, ಮೂರು ಜಿಪ್ಪು, ಮೇಲೊಂದು ಲೇಸು. ನೋಡಲು ಸೊಗಸಾಗಿರುತ್ತದೆ, ಆದರೆ ಒಂದೊಂದು ಜೇಬಿಗೂ ಮಡಿಚಿ ಹೊಲಿದ ಅಂಚುಗಳಿರುತ್ತವೆ. ಚೀಲವನ್ನು ಮೂರು ಮಡಿಕೆ ಮಾಡಿದಾಗ ಅವೆಲ್ಲ ಒಂದರ ಮೇಲೊಂದು ಕೂತು ಚೀಲ ಇಟ್ಟಿಗೆಯಂತೆ ದಪ್ಪವಾಗುತ್ತದೆ. ಮಡಿಚಿದ ಚೀಲ ಮಗುವಿನ ಮುಷ್ಟಿಯಲ್ಲಿ ಹಿಡಿಸದಿದ್ದರೆ ಅದು ಮನೆಯ ಮೊಳೆಯಲ್ಲೇ ನೇತಾಡುತ್ತದೆ. ಮೂರು ಜೇಬು ಸಾಕು. ಒಂದು ನೀರಿನ ಬಾಟಲಿಗೆ, ಒಂದು ಕಸಕ್ಕೆ, ಇನ್ನೊಂದು, ಚೀಲ ತನ್ನನ್ನೇ ಮಡಿಚಿ ತುರುಕಿಕೊಳ್ಳಲು. ಹನ್ನೆರಡು ಇಂಚು ಅಗಲದ ಚೀಲ ಮೂರು ಮಡಿಕೆಗೆ ನಾಲ್ಕು ಇಂಚಾಗುತ್ತದೆ, ಆದ್ದರಿಂದ ಮಡಿಕೆಯ ಜೇಬು ಐದು ಇಂಚಿನ ಚೌಕವಾಗಿರಲಿ. ಯಾವ ಜೇಬಿನ ಅಂಚೂ ಮಡಿಕೆಯ ಗೆರೆಯ ಮೇಲೆ ಬೀಳದಂತೆ ಮೊದಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಬೇಕು. ಅರ್ಧ ಲೀಟರ್ ನೀರೆಂದರೆ ಅರ್ಧ ಕೆಜಿ. ಬಾಟಲಿಯ ಜೇಬನ್ನು ಪಕ್ಕಕ್ಕೆ ಹಚ್ಚಿದರೆ ಚೀಲ ವಾಲುತ್ತದೆ, ಮಗುವಿನ ಹೆಗಲೂ ಜೊತೆಗೆ ವಾಲುತ್ತದೆ. ಬೆನ್ನಿನ ಕಡೆಯ ಬಟ್ಟೆಗೆ, ನಡುವಿನಲ್ಲಿ ಹಚ್ಚುವುದೇ ಸರಿ.

ಯಾವ ಬಟ್ಟೆ ಎಂಬ ಪ್ರಶ್ನೆಗೆ ‘ಹತ್ತಿ’ ಎಂದು ಕಣ್ಣುಮುಚ್ಚಿ ಹೇಳುವವರೊಂದಿಗೆ ನನಗೆ ಒಪ್ಪಿಗೆಯಿಲ್ಲ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ಹತ್ತಿಯ ಚೀಲವೊಂದು ಹವಾಮಾನದ ಲೆಕ್ಕದಲ್ಲಷ್ಟೇ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮವಾಗಬೇಕಾದರೆ 52 ಸಲ ಬಳಕೆಯಾಗಬೇಕು. ಪರಿಸರದ ಎಲ್ಲ ಬಗೆಯ ಹಾನಿಯನ್ನೂ ಲೆಕ್ಕಕ್ಕೆ ಹಿಡಿದರೆ 7,100 ಸಲ. ಹೊಸ ಬಟ್ಟೆ ಕೊಂಡು ಚೀಲ ಹೊಲಿದು ಮೂಲೆಗೆ ಹಾಕುವುದರಿಂದ ಮಣ್ಣಿಗೆ ಯಾವ ಉಪಕಾರವೂ ಆಗುವುದಿಲ್ಲ. ಇನ್ನೊಂದು ಸಂಗತಿ ನೆನಪಿಡುವಂಥದ್ದು. 1965ರಲ್ಲಿ ಪೇಟೆಂಟ್ ಆದ ಪ್ಲಾಸ್ಟಿಕ್ ಕೈಚೀಲವನ್ನು ರೂಪಿಸಿದ ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ತುಲಿನ್ ಸದಾ ಒಂದು ಚೀಲವನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡಿರುತ್ತಿದ್ದರು ಎಂದು ಅವರ ಮಗ ಹೇಳಿದ್ದಾರೆ. ಮತ್ತೆ ಮತ್ತೆ ಬಳಸಲೆಂದೇ ಅವರು ಅದನ್ನು ಮಾಡಿದ್ದರು. ಜೇಬಿನಲ್ಲಿಟ್ಟುಕೊಳ್ಳುವ ಆ ಅಭ್ಯಾಸ ನಮಗೆ ಬರಲಿಲ್ಲ, ಚೀಲ ಮಾತ್ರ ಬಂತು.

ಮಲೆನಾಡಿನಲ್ಲಿ ಹತ್ತಿಗೆ ಇನ್ನೊಂದು ಕಷ್ಟವಿದೆ. ಆಷಾಢದಲ್ಲಿ ನೆಂದ ದಪ್ಪ ಬಟ್ಟೆ ಬಚ್ಚಲ ಒಲೆಯ ಮೇಲೆ ಹರವದಿದ್ದರೆ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಈ ಊರುಗಳಿಗೆ ಹೇಳಿ ಮಾಡಿಸಿದ ಬಟ್ಟೆ ಹಳೆಯ ಕೊಡೆಯದು. ಮಳೆಗಾಲ ಮುಗಿಯುವ ಹೊತ್ತಿಗೆ ಕಡ್ಡಿ ಮುರಿದ ಕೊಡೆಯೊಂದಿಲ್ಲದ ಮನೆ ಇಲ್ಲಿಲ್ಲ. ತೆಳುವಾಗಿ, ಕೊಡವಿದರೆ ನೀರು ಉದುರುವ ಬಟ್ಟೆ ಅದು. ಎಂಟು ಕಡ್ಡಿಯ ಕೊಡೆ ಬಿಚ್ಚಿದರೆ ಎಂಟು ತ್ರಿಕೋನಗಳು ಸಿಗುತ್ತವೆ. ಒಂದನ್ನು ನೆಟ್ಟಗೆ, ಮತ್ತೊಂದನ್ನು ತಲೆಕೆಳಗಾಗಿ ಇಟ್ಟು ಜೋಡಿಸುತ್ತ ಹೋದರೆ ಅಗಲವಾದ ಪಟ್ಟಿಯಾಗುತ್ತದೆ. ಓರೆ ಅಂಚು ಎಳೆದರೆ ಹಿಗ್ಗುವುದರಿಂದ ಮಿಷನ್ನಿನಡಿ ಅದನ್ನು ಎಳೆಯದೆ ತಾನಾಗಿ ಸರಿಯಲು ಬಿಡಬೇಕು. ಸೂಜಿ 11ನೆಯ ನಂಬರಿನದಿರಲಿ, ಏಕೆಂದರೆ ಈ ಬಟ್ಟೆಯಲ್ಲಿ ಬಿಚ್ಚಿದ ಹೊಲಿಗೆಯ ತೂತು ಮುಚ್ಚಿಕೊಳ್ಳುವುದಿಲ್ಲ. ಕೊಡೆ ಕಪ್ಪಾಗಿದ್ದರೆ ಹೊರಗಡೆ ಕೆಂಪು ಅಥವಾ ಹಳದಿ ತುಂಡೊಂದನ್ನು ಹಚ್ಚಲೇಬೇಕು. ದೇವರಮನೆಯಲ್ಲಿ ಮಂಜು ಮುಸುಕಿದರೆ ಹತ್ತು ಮಾರು ಆಚೆಯ ಮಗು ಕಾಣುವುದಿಲ್ಲ.

ಹಿಡಿಗೆ ಮಾತ್ರ ಹತ್ತಿಯೇ ಆಗಬೇಕು. ನೈಲಾನ್ ಹಿಡಿ ಎಳೆಯ ಬೆರಳನ್ನು ಕೊಯ್ಯುತ್ತದೆ. ಹಳೆಯ ಸೀರೆಯ ಅಂಚನ್ನು ನಾಲ್ಕು ಪದರ ಮಾಡಿ ಹೊಲಿದರೆ ಹದವಾಗಿರುತ್ತದೆ. ಮಡಿಚಿದ ಚೀಲ ಬಿಗಿಯಲು ಟಿಚ್ ಬಟನ್ನಿಗಿಂತ ಸಂಚಿಯ ದಾರವೇ ಮೇಲು, ಚಿಕ್ಕ ಮಕ್ಕಳ ಬೆರಳಿಗೆ ಟಿಚ್ ಬಟನ್ ಬಗ್ಗುವುದಿಲ್ಲ. ವೆಲ್ಕ್ರೋಗೆ ಗುಡ್ಡದ ಹುಲ್ಲಿನ ಮುಳ್ಳುಗಳೆಲ್ಲ ಅಂಟಿಕೊಳ್ಳುತ್ತವೆ. ದಾರ ಒಂದು ಗೇಣಿಗಿಂತ ಉದ್ದ ಬೇಡ, ಕುತ್ತಿಗೆಗೆ ಸುತ್ತಿಕೊಳ್ಳುವ ಭಯವಿರುತ್ತದೆ.

ಚೀಲ ಹರಿಯುವುದು ಸಾಮಾನ್ಯವಾಗಿ ಹಿಡಿಯ ಬುಡದಲ್ಲಿ. ಅಲ್ಲಿ ಒಳಗಡೆಯಿಂದ ಇನ್ನೊಂದು ತುಂಡು ಬಟ್ಟೆ ಕೊಟ್ಟು, ಚೌಕವಾಗಿ ಹೊಲಿದು, ಮೂಲೆಯಿಂದ ಮೂಲೆಗೆ ಎರಡು ಓರೆ ಹೊಲಿಗೆ ಹಾಕಬೇಕು. ಒಂದು, ಎರಡನೆಯ ತರಗತಿಯ ಮಕ್ಕಳ ಶಾಲಾ ಚೀಲ 2 ಕೆಜಿ ಮೀರಬಾರದು ಎಂದು ರಾಜ್ಯ ಸರ್ಕಾರದ ಆದೇಶವಿದೆ. ಕೈಚೀಲದಲ್ಲಿ ಅದರ ಅರ್ಧ ಹೊರಿಸುವುದೂ ಹೆಚ್ಚೇ. ಆದರೂ ಕೊಡುವ ಮೊದಲು ಎರಡು ಲೀಟರ್ ನೀರಿನ ಬಾಟಲಿ ಇಟ್ಟು ರಾತ್ರಿಯಿಡೀ ಮೊಳೆಗೆ ತೂಗುಹಾಕಿ. ಬೆಳಿಗ್ಗೆ ಹಿಡಿಯ ಬುಡದಲ್ಲಿ ನೂಲಿನ ಸುತ್ತ ಬಟ್ಟೆ ಬಾಯಿಬಿಟ್ಟಿದ್ದರೆ ಅದೇ ತೂತಿನಲ್ಲಿ ಮತ್ತೆ ಹೊಲಿಯಬೇಡಿ, ಒಂದು ಇಂಚು ಕೆಳಗೆ ಹೊಸ ಜಾಗದಲ್ಲಿ ಹಚ್ಚಿ.