ಕವಿತೆಯೂ ಮಟ್ಟೂ
(ಕೆಲವು ಕನ್ನಡ ಗೀತಸಂಪುಟಗಳನ್ನು ಕುರಿತು)

ವರ್ಷವು ಅರ್ಧ ಕಳೆಯುವಷ್ಟರಲ್ಲಿಯೇ ಆ ವರ್ಷದ ಮೆಚ್ಚಿನ ಗೀತಸಂಪುಟಗಳಾವುವೆಂದು ಪಟ್ಟಿಮಾಡುವ ವಾಡಿಕೆ ಈಚೆಗೆ ಎಲ್ಲೆಡೆಯೂ ಹಬ್ಬಿದೆ. ಹೊಸದನ್ನು ಮೆಚ್ಚುವುದು ತಪ್ಪಲ್ಲ. ಆದರೆ ಮೆಚ್ಚುವುದಕ್ಕೆ ಮುನ್ನ ಅಳೆಯಬೇಕು. ಅಳೆಯುವುದಕ್ಕೆ ಕೊಳಗವೊಂದು ಬೇಕು. ಕವಿತೆಗಳನ್ನು ಹಾಡಿಗೆ ಅಳವಡಿಸಿದ ಕನ್ನಡ ಸಂಪುಟಗಳ ಮಟ್ಟಿಗೆ ಅಂತಹ ಕೊಳಗವು, ಕಾಲದ ಜರಡಿಯಲ್ಲಿ ಉಳಿದು ನಿಂತಿರುವ ಹಳೆಯ ಕೆಲವು ಸಂಪುಟಗಳಿಂದಲೇ ದೊರೆಯತಕ್ಕುದು. ಅವುಗಳಲ್ಲಿ ಕೆಲವನ್ನು ಪರಿಶೀಲಿಸಿ, ಹೊಸ ಸಂಪುಟವೊಂದು ಕೈಗೆ ಬಂದಾಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳಾವುವು ಎಂಬುದನ್ನು ಗೊತ್ತುಮಾಡಿಕೊಳ್ಳುವುದು ಈ ಲೇಖನದ ಉದ್ದೇಶ.

ಗಡಿನಾಡಿನ ಕನ್ನಡ ಶಾಲೆಗಳಿಗೆ ಇದು ಬರಿಯ ಅಭಿರುಚಿಯ ವಿಷಯವಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗಗಳ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಪುಣೆಯ ಬಾಲಭಾರತಿ ಸಂಸ್ಥೆಯು ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತದೆ. ಆದರೆ ಆ ಪುಸ್ತಕವನ್ನು ಮುಚ್ಚಿ ಹೊರಗೆ ಬಂದರೆ, ಪೇಟೆಯ ಹಲಗೆಗಳಲ್ಲಿ, ಬಸ್ಸಿನ ಫಲಕದಲ್ಲಿ, ಕಚೇರಿಯ ಕಾಗದದಲ್ಲಿ ಮಕ್ಕಳ ಕಣ್ಣಿಗೆ ಬೀಳುವುದು ಹೆಚ್ಚಾಗಿ ಮರಾಠಿಯೇ. ಆದುದರಿಂದ ಪಾಠದಾಚೆಯ ಕನ್ನಡ ಕವಿತೆಯು ಅವರನ್ನು ತಲುಪುವುದು ಬಹುಮಟ್ಟಿಗೆ ಕಿವಿಯ ದಾರಿಯಿಂದ. ಸ್ನೇಹಸಮ್ಮೇಳನದಲ್ಲಿ, ರಾಜ್ಯೋತ್ಸವದ ದಿನದಂದು, ಮನೆಯಲ್ಲಿ ಹಿರಿಯರು ಹಚ್ಚಿದ ಫೋನಿನಲ್ಲಿ ಕೇಳಿದ ಹಾಡೇ ಅವರ ಎರಡನೆಯ ಕನ್ನಡ ಪುಸ್ತಕ. ಹಾಡು ಬಾಯಿಗೆ ಬಂದರೆ ಕವಿತೆಯೂ ಬಂದಿತೆಂದು ನಾವು ಸಮಾಧಾನಪಡುತ್ತೇವೆ. ಬಂದದ್ದು ಕವಿತೆಯೇ, ಅಥವಾ ಅದರ ಒಂದು ಪಾಲು ಮಾತ್ರವೇ? ಇದನ್ನು ಕೇಳಬೇಕಾದವರು ಉಪಾಧ್ಯಾಯರು.

ಮೊದಲು ಸಲಕರಣೆಯ ಮಾತನ್ನು ಹೇಳಬೇಕು. ಏಕೆಂದರೆ ಹಾಡಿನ ಆಕಾರವನ್ನು ಕವಿ, ಗಾಯಕರಷ್ಟೇ ಅದೂ ನಿರ್ಣಯಿಸಿದೆ. ನಿಮಿಷಕ್ಕೆ ೭೮ ಸುತ್ತು ತಿರುಗುತ್ತಿದ್ದ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷಕ್ಕೆ ತುಸು ಹೆಚ್ಚು ಹಾಡು. ಪಿ. ಕಾಳಿಂಗರಾಯರು (೧೯೧೪–೧೯೮೧) ಸೋಹನಕುಮಾರಿ, ಮೋಹನಕುಮಾರಿಯರೊಡನೆ ಹಾಡಿ ಭಾವಗೀತೆಯನ್ನು ಮನೆಮನೆಗೆ ಮುಟ್ಟಿಸಿದ್ದು ಆ ಕಾಲದಲ್ಲಿ. ಹುಯಿಲಗೋಳ ನಾರಾಯಣರಾಯರು ಬರೆದ, ೧೯೨೪ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಲ್ಪಟ್ಟ ನಾಡಿನ ಉದಯಗೀತೆಯನ್ನು ಕನ್ನಡಿಗರು ಕಾಳಿಂಗರಾಯರ ಕಂಠದಿಂದ ಕಲಿತರು. ೧೯೫೬ರಲ್ಲಿ ಒಂದುಗೂಡಿದ ರಾಜ್ಯದ ಹೊರಗೆ ಉಳಿದ ನಮ್ಮಂತಹವರೂ ಕಲಿತರು. ಆದರೆ ತಟ್ಟೆಯು ಕೊಡುತ್ತಿದ್ದ ಹೊತ್ತು ಅಷ್ಟೇ. ಕವಿತೆ ಉದ್ದವಾಗಿದ್ದರೆ ನುಡಿಗಳನ್ನು ಬಿಡಲೇಬೇಕಾಗುತ್ತಿತ್ತು.

ಧ್ವನಿಸುರುಳಿ ಬಂದ ಮೇಲೆ ಈ ಕಟ್ಟು ಸಡಿಲಿತು. ಒಂದು ಸುರುಳಿಯಲ್ಲಿ ಸುಮಾರು ಒಂದು ಗಂಟೆಯ ಹಾಡು ಹಿಡಿಯುತ್ತಿದ್ದಿತು. ಎಂದರೆ ಒಬ್ಬ ಕವಿಯ ಎಂಟು ಹತ್ತು ಕವಿತೆಗಳನ್ನು ಒಂದು ಕ್ರಮದಲ್ಲಿ ಜೋಡಿಸಿ ಕೇಳಿಸಬಹುದಾಯಿತು. ಗೀತಸಂಪುಟವು ಕವನಸಂಕಲನಕ್ಕೆ ಸಮೀಪದ ವಸ್ತುವಾದದ್ದು ಆಗಲೇ. ಕನ್ನಡದಲ್ಲಿ ಈ ಬಗೆಯ ಮೊದಲ ಧ್ವನಿಸುರುಳಿ ೧೯೭೮ರ 'ನಿತ್ಯೋತ್ಸವ'. ಕವಿತೆಗಳು ಕೆ. ಎಸ್. ನಿಸಾರ್ ಅಹಮದ್ (೧೯೩೬–೨೦೨೦) ಅವರವು. ಮಟ್ಟು ಮೈಸೂರು ಅನಂತಸ್ವಾಮಿ (೧೯೩೬–೧೯೯೫) ಅವರದು.

ಸಂಪುಟಕ್ಕೆ ಹೆಸರು ಕೊಟ್ಟ ಹಾಡನ್ನೇ ನೋಡೋಣ. ಜೋಗದ ಜಲಪಾತ, ತುಂಗೆಯ ಹರಿವು, ಸಹ್ಯಾದ್ರಿಯ ಶಿಖರ, ಕಾಡಿನ ಮರಗಳು—ಇವನ್ನು ಕವಿ ಸಾಲಾಗಿ ಹೆಸರಿಸಿ, ಒಂದೊಂದು ನುಡಿಯ ಕೊನೆಗೂ ನಾಡದೇವಿಯ ಉತ್ಸವಕ್ಕೆ ಮರಳುತ್ತಾರೆ. ಪಟ್ಟಿಯೇ ಕಟ್ಟಡವಾಗಿರುವ ಇಂತಹ ಕವಿತೆಗೆ ದೊಡ್ಡ ಸಂಗೀತ ಬೇಕಿಲ್ಲ. ಹೆಸರುಗಳು ಸ್ಪಷ್ಟವಾಗಿ ಕೇಳಬೇಕು, ಮರಳುವ ಮಾತಿನಲ್ಲಿ ಎಲ್ಲರೂ ದನಿಗೂಡಿಸುವಂತಿರಬೇಕು. ಅನಂತಸ್ವಾಮಿಯವರು ಇದನ್ನು ಚೆನ್ನಾಗಿ ಬಲ್ಲರು. ಸಾವಿರ ಮಕ್ಕಳು ಒಟ್ಟಿಗೆ ಹಾಡಿದರೂ ಕೆಡದ ಮಟ್ಟನ್ನು ಅವರು ಕೊಟ್ಟಿದ್ದಾರೆ. ಕವಿತೆಗೂ ಮಟ್ಟಿಗೂ ಇಲ್ಲಿ ಜಗಳವಿಲ್ಲ.

ಆದರೆ ಎರಡು ಮಾತು ಹೇಳದೆ ಗತ್ಯಂತರವಿಲ್ಲ. ಹಾಡಿನಲ್ಲಿ ಮೂಡುವ ನಾಡು ಮಲೆನಾಡು. ಭೀಮೆಯ ದಂಡೆಯ ಎರೆನೆಲ, ಜೋಳದ ಹೊಲ, ಸಿದ್ಧರಾಮನ ಸೊನ್ನಲಿಗೆ ಅದರಲ್ಲಿ ಇಲ್ಲ. ಕವಿಯ ಮೇಲೆ ಇದು ದೋಷಾರೋಪಣೆಯಲ್ಲ. ತಾನು ಕಂಡು ಪ್ರೀತಿಸಿದ ನೆಲವನ್ನು ಕವಿ ಹಾಡುತ್ತಾನೆ. ಆದರೆ ಈ ಹಾಡನ್ನು ಸೊಲ್ಲಾಪುರದ ಶಾಲೆಯಲ್ಲಿ ಕಲಿಸುವಾಗ, ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು 'ಕವಿರಾಜಮಾರ್ಗ'ವು ಒಂಬತ್ತನೆಯ ಶತಮಾನದಲ್ಲಿಯೇ ಹೇಳಿದೆಯೆಂಬುದನ್ನೂ ಮಕ್ಕಳಿಗೆ ಜೊತೆಯಲ್ಲಿ ಹೇಳಬೇಕು. ಇಲ್ಲವಾದರೆ ಕನ್ನಡವೆಂಬುದು ಎಲ್ಲೋ ದೂರದ ಮಳೆಕಾಡಿನ ಸ್ವತ್ತೆಂದು ಮಗು ತಿಳಿದೀತು. ಎರಡನೆಯ ಮಾತು: ನಿಸಾರರು ಈ ಉತ್ಸವದ ಕವಿ ಮಾತ್ರವಲ್ಲ. ಹಿಂಡನ್ನು ಹಿಂಬಾಲಿಸುವ ಜನರನ್ನು ಕುರಿಗಳೆಂದು ಚುಚ್ಚಿದ ವ್ಯಂಗ್ಯಕವಿಯೂ ಅವರೇ. ಒಂದು ಹಾಡಿನ ಕೀರ್ತಿಯು ಕವಿಯ ಇನ್ನೊಂದು ಮುಖವನ್ನು ಮರೆಮಾಡುವುದುಂಟು.

ಕೆ. ಎಸ್. ನರಸಿಂಹಸ್ವಾಮಿಯವರ (೧೯೧೫–೨೦೦೩) 'ಮೈಸೂರು ಮಲ್ಲಿಗೆ' ೧೯೪೨ರಲ್ಲಿ ಪ್ರಕಟವಾದ ಸಂಕಲನ. ದಾಂಪತ್ಯದ ಒಲವನ್ನು ನಿತ್ಯದ ಮಾತಿನಲ್ಲಿ ಹೇಳಿದ ಆ ಕವಿತೆಗಳು ಸಿ. ಅಶ್ವಥ್ (೧೯೩೯–೨೦೦೯) ಅವರ ಮಟ್ಟುಗಳಲ್ಲಿ ಹೊಸ ತಲೆಮಾರಿಗೆ ಪರಿಚಿತವಾದವು, ಟಿ. ಎಸ್. ನಾಗಾಭರಣರ ಅದೇ ಹೆಸರಿನ ಚಲನಚಿತ್ರಕ್ಕೂ ಸಂಗೀತ ಅಶ್ವಥ್ ಅವರದೇ. ಇವುಗಳಲ್ಲಿ ಬಹು ಜನಪ್ರಿಯವಾದದ್ದು, ಮಾವನ ಮನೆಗೆ ಇರುಳಿನಲ್ಲಿ ಬಂದಿಳಿದ ಅಳಿಯನ ಕಥೆ. ಉಪಚಾರವೆಲ್ಲ ನಡೆಯುತ್ತದೆ, ಆದರೆ ಯಾರಿಗಾಗಿ ಆತ ಬಂದನೋ ಆ ಮಡದಿ ಮಾತ್ರ ಮನೆಯೊಳಗೆ ಕಾಣಿಸುವುದಿಲ್ಲ. ಬೆಳಗಾಗುತ್ತಲೇ ರಾಯರು ಮುನಿಸಿನಿಂದ ಹೊರಟು ನಿಲ್ಲುತ್ತಾರೆ. ಆಗ ನಾದಿನಿಯ ಬಾಯಿಂದ ಸ್ನಾನದ ನೀರಿನ ಒಂದು ಸಣ್ಣ ಮಾತು ಬರುತ್ತದೆ, ಎಲ್ಲವೂ ತಿಳಿಯಾಗುತ್ತದೆ. ಮಡದಿ ಹಿಂದಿನ ದಿನ ಏಕೆ ಒಳಗಿರಲಿಲ್ಲವೆಂಬುದನ್ನು ಕವಿ ಎಲ್ಲಿಯೂ ಹೇಳಿಲ್ಲ. ಅಂದಿನ ಮನೆಗಳಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗಿರುತ್ತಿದ್ದ ಆಚಾರವನ್ನು ಬಲ್ಲವನು ಅದನ್ನು ತಾನೇ ಊಹಿಸಿಕೊಳ್ಳಬೇಕು. ಕವಿತೆಯ ಸೊಗಸೆಲ್ಲವೂ ಈ ಹೇಳದ ಮಾತಿನಲ್ಲಿದೆ.

ಮಟ್ಟು ಇಲ್ಲಿ ಏನು ಮಾಡುತ್ತದೆ? ನುಡಿಯಿಂದ ನುಡಿಗೆ ಒಂದೇ ಧಾಟಿಯಲ್ಲಿ ನಡೆದು, ಕಥೆ ಹೇಳುವವರ ಲವಲವಿಕೆಯನ್ನು ತಂದುಕೊಡುತ್ತದೆ. ಇದು ಗುಣ. ಆದರೆ ಮೊದಲ ನುಡಿಯಲ್ಲಿ ಕೇಳಿದ ಸಂತೋಷವೇ ಕೊನೆಯ ನುಡಿಯಲ್ಲಿಯೂ ಕೇಳುವುದರಿಂದ, ರಾಯರ ಮುನಿಸು ಎಲ್ಲಿ ಹುಟ್ಟಿತು, ಎಲ್ಲಿ ಕರಗಿತು ಎಂಬುದು ಕಿವಿಗೆ ತಿಳಿಯದೆ ಹೋಗಬಹುದು. ಹಾಡನ್ನು ಪೂರ್ತಿ ಬಾಯಿಪಾಠ ಮಾಡಿಕೊಂಡ ಹುಡುಗನೂ ಕಥೆಯ ಗುಟ್ಟನ್ನು ಅರಿಯದೆ ಇರುವುದು ಸಾಧ್ಯ. ನಿಲ್ಲಬೇಕಾದೆಡೆ ನಿಲ್ಲುವ ಸ್ವಾತಂತ್ರ್ಯ ಓದುವವನಿಗೆ ಉಂಟು. ತಾಳಕ್ಕೆ ಕಟ್ಟುಬಿದ್ದ ಹಾಡಿಗೆ ಅಷ್ಟಿಲ್ಲ. ಆದುದರಿಂದ ಇಂತಹ ಹಾಡನ್ನು ಕೇಳಿಸಿದ ಉಪಾಧ್ಯಾಯರು, ಅನಂತರ ಅದನ್ನು ಮಟ್ಟಿಲ್ಲದೆ, ಮೆಲ್ಲನೆ, ಒಮ್ಮೆ ಓದಿ ತೋರಿಸಬೇಕು.

ಅಶ್ವಥ್ ಅವರ ಇನ್ನೊಂದು ಸಾಧನೆ ಶಿಶುನಾಳ ಶರೀಫರ (೧೮೧೯–೧೮೮೯) ಪದಗಳು. ಶಿಗ್ಗಾವಿಯ ಸುತ್ತಿನ ಊರುಗಳಲ್ಲಿ ಭಜನೆಯ ಮೇಳಗಳು ಹಾಡಿಕೊಂಡು ಬಂದಿದ್ದ ಈ ಪದಗಳನ್ನು ಅವರು ತಮ್ಮ ಎತ್ತರದ, ನಾಟಕೀಯವಾದ ಕಂಠದಿಂದ ನಾಡಿಗೆಲ್ಲ ಕೇಳಿಸಿದರು. ಉತ್ತರ ಕರ್ನಾಟಕದ ಆಡುನುಡಿಗೆ ಹತ್ತಿರದ ಮಾತನ್ನು ಮನೆಯಲ್ಲಿ ಆಡುವ ನಮ್ಮ ಭಾಗದ ಮಕ್ಕಳಿಗೆ ಈ ಸಂಪುಟದಿಂದ ಆಗುವ ಉಪಕಾರ ದೊಡ್ಡದು. ಪುಸ್ತಕದ ಕನ್ನಡವೇ ಕನ್ನಡ, ಮನೆಯ ಮಾತು ಒರಟು ಎಂಬ ಅಳುಕು ಅವರಲ್ಲಿದ್ದರೆ, ಶರೀಫರ ಪದ ಕೇಳಿದ ಮೇಲೆ ಅದು ಉಳಿಯಲಾರದು. ತಮ್ಮ ಅಜ್ಜಿಯ ಮಾತಿನಲ್ಲಿಯೇ ತತ್ತ್ವವನ್ನೂ ಹೇಳಬಹುದೆಂದು ಅವರಿಗೆ ತಿಳಿಯುತ್ತದೆ.

ತೊಡಕಿರುವುದು ಬೆಡಗಿನ ಪದಗಳಲ್ಲಿ. ಕೋಳಿಯೊಂದು ಕೋಡಗವನ್ನು ನುಂಗಿತೆಂದು ತೊಡಗುವ ಪದವನ್ನು ಕೇಳಿ ಮಕ್ಕಳು ನಗುತ್ತಾರೆ. ವೇಗದ ಲಯವೂ ವಾದ್ಯಗಳ ಅಬ್ಬರವೂ ಆ ನಗುವನ್ನು ಹೆಚ್ಚಿಸುತ್ತವೆ. ನಗಲಿ, ಬೆಡಗು ಮೊದಲು ನಗಿಸಿಯೇ ಒಳಕ್ಕೆ ಕರೆಯುತ್ತದೆ. ಆದರೆ ಸಣ್ಣದು ದೊಡ್ಡದನ್ನು, ಅಸಂಭವವಾದುದು ಸಂಭವವನ್ನು ನುಂಗುತ್ತ ನುಂಗುತ್ತ ಬಂದು, ಕೊನೆಗೆ ಗುರುವಿನ ಪಾದವು ಶಿಷ್ಯನ 'ನಾನು' ಎಂಬುದನ್ನೇ ನುಂಗುವಲ್ಲಿ ಪದ ಮುಗಿಯುತ್ತದೆ. ಕೇಳುವವನು ಆ ಹೊತ್ತಿಗೆ ತಾಳಕ್ಕೆ ತಲೆದೂಗುತ್ತ ಅದನ್ನು ದಾಟಿ ಹೋಗಿರುತ್ತಾನೆ. ಏಕತಾರಿ, ದಮ್ಮಡಿಗಳೆರಡರಲ್ಲೇ ಹಾಡುವ ಭಜನೆಯವರು ಕೊನೆಯ ನುಡಿಗೆ ಲಯವನ್ನು ಇಳಿಸುವುದುಂಟು. ದೊಡ್ಡ ಮೇಳದ ಸಂಗೀತಕ್ಕೆ ಆ ಸಂಯಮ ಸುಲಭವಲ್ಲ.

ಸಂಯಮಕ್ಕೆ ಉದಾಹರಣೆ ಬೇಕಾದರೆ ಭೀಮಸೇನ ಜೋಶಿಯವರ (೧೯೨೨–೨೦೧೧) ದಾಸರ ಪದಗಳನ್ನು ಕೇಳಬೇಕು. ಗದಗ ಸೀಮೆಯ ರೋಣದಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಈ ಗಾಯಕರು ಮರಾಠಿ ಅಭಂಗಗಳನ್ನೂ ಕನ್ನಡ ದೇವರನಾಮಗಳನ್ನೂ ಸಮನಾದ ಶ್ರದ್ಧೆಯಿಂದ ಹಾಡಿದರು. ಖಯಾಲಿನಲ್ಲಿ ಮಾತು ಬಹುಮಟ್ಟಿಗೆ ರಾಗಕ್ಕೆ ಊರುಗೋಲು. ಆದರೆ ಲಕ್ಷ್ಮಿಯನ್ನು ಮನೆಗೆ ಕರೆಯುವ ಪುರಂದರದಾಸರ ಪದವನ್ನು ಹಾಡುವಾಗ ಅವರು ರಾಗದ ವಿಸ್ತಾರವನ್ನು ಪದದ ಕರೆಯೊಳಗೇ ಅಡಗಿಸಿದ್ದಾರೆ. ಪಲ್ಲವಿಗೆ ಮತ್ತೆ ಮತ್ತೆ ಮರಳುವುದು ಇಲ್ಲಿ ಅಲಂಕಾರವಲ್ಲ. ಬಾಗಿಲಲ್ಲಿ ನಿಂತವರನ್ನು ಇನ್ನೊಮ್ಮೆ ಕರೆದಂತೆ ಇರುತ್ತದೆ. ಕನ್ನಡ ಬಾರದ ಮರಾಠಿಗರೂ ಈ ಪದವನ್ನು ಗುನುಗುವುದುಂಟು. ಪುರಂದರದಾಸರ ಅಂಕಿತದಲ್ಲಿರುವ ವಿಠಲನ ಪಂಢರಪುರವು ಸೊಲ್ಲಾಪುರ ಜಿಲ್ಲೆಯದೇ ಎಂಬುದನ್ನು ನೆನೆದರೆ, ಎರಡು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರಿಲ್ಲ. ಎರಡು ನುಡಿಗಳು ಒಂದೇ ಕಂಠದಲ್ಲಿ, ಒಂದು ಇನ್ನೊಂದನ್ನು ತುಳಿಯದೆ, ಇರಬಲ್ಲವು.

ಮಟ್ಟು ಎಂಬುದು ಕವಿತೆಯ ಮೇಲಿನ ಬರಿಯ ಹೊದಿಕೆಯಲ್ಲ, ಅದೇ ಒಂದು ವ್ಯಾಖ್ಯಾನ ಎಂಬುದಕ್ಕೆ ನಾಡಗೀತೆಯ ಪ್ರಸಂಗ ಸಾಕ್ಷಿ. ಕುವೆಂಪು ಅವರ ಕವಿತೆಯನ್ನು ಕರ್ನಾಟಕ ಸರ್ಕಾರವು ೨೦೦೪ರಲ್ಲಿ ನಾಡಗೀತೆಯೆಂದು ಅಂಗೀಕರಿಸಿತು. ಹಾಡುವ ಧಾಟಿ ಯಾವುದು—ಅನಂತಸ್ವಾಮಿಯವರದೋ ಅಶ್ವಥ್ ಅವರದೋ—ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ೨೦೨೨ರಲ್ಲಿ ಅನಂತಸ್ವಾಮಿಯವರ ಮಟ್ಟನ್ನು ಒಪ್ಪಿ, ಪುನರಾವರ್ತನೆಯಿಲ್ಲದೆ ಎರಡೂವರೆ ನಿಮಿಷದಲ್ಲಿ ಪೂರ್ಣವಾಗಿ ಹಾಡತಕ್ಕುದೆಂದು ಆದೇಶವಾಯಿತು. ಅಷ್ಟು ಹೊತ್ತಿನಲ್ಲಿ ಋಷಿಗಳು, ಆಚಾರ್ಯರು, ಕವಿಗಳು, ಅರಸರು ಎಲ್ಲರ ಹೆಸರುಗಳೂ ಸಾಗಿಹೋಗಬೇಕು. ಸಭೆಗೆ ಇದು ಅನುಕೂಲ. ಆದರೆ ಆ ಹೆಸರುಗಳು ಯಾರವೆಂದು ತಿಳಿಯಲು ತರಗತಿಯಲ್ಲಿ ಎರಡೂವರೆ ಗಂಟೆಯಾದರೂ ಬೇಕು.

ಹಾಡಾಗದ ಕವಿತೆಗಳ ಗತಿಯೇನು? ಗೋಪಾಲಕೃಷ್ಣ ಅಡಿಗರ 'ಮೋಹನ ಮುರಳಿ'ಗೆ ಮಟ್ಟು ದೊರೆತು ಅದು ಚಲನಚಿತ್ರಕ್ಕೂ ಬಂದಿತು. ಆದರೆ ೧೯೫೪ರ 'ಚಂಡೆಮದ್ದಳೆ'ಯಿಂದ ಅವರು ಹಿಡಿದ ಹೊಸ ದಾರಿಯ 'ಭೂಮಿಗೀತ'ದಂತಹ ಕವಿತೆಗಳು ಪುಸ್ತಕದಲ್ಲಿಯೇ ಉಳಿದಿವೆ. ಅವುಗಳ ಲಯವು ಮುರಿದ ಮಾತಿನ ಲಯ. ಪಲ್ಲವಿಗೆ ಮರಳಲು ಅವು ಒಪ್ಪುವುದಿಲ್ಲ. ಕಿವಿಯ ದಾರಿಯೊಂದನ್ನೇ ನಂಬಿದರೆ ನಮ್ಮ ಮಕ್ಕಳ ಪಾಲಿಗೆ ಕನ್ನಡ ಕಾವ್ಯದ ಅರ್ಧವು ಇಲ್ಲವೆಂದೇ ಆಗುತ್ತದೆ.

ಈಗ ಧ್ವನಿಸುರುಳಿಯೂ ಇಲ್ಲ, ಅದರ ಬಳಿಕ ಬಂದ ಸಿ. ಡಿ. ತಟ್ಟೆಯೂ ಮೂಲೆಗೆ ಸರಿದಿದೆ. ಫೋನಿನಲ್ಲಿ ಹಾಡುಗಳು ಬಿಡಿಬಿಡಿಯಾಗಿ ಬರುತ್ತವೆ. ಹಿಂದೆ ಮುಂದೆ ಯಾವ ಕವಿತೆಯಿತ್ತೆಂಬುದು ತಿಳಿಯುವುದಿಲ್ಲ, ಎಷ್ಟೋ ಸಲ ಕವಿಯ ಹೆಸರೂ ಇರುವುದಿಲ್ಲ. ಆದುದರಿಂದ ಈ ವರ್ಷದ ಹೊಸ ಸಂಪುಟಗಳಲ್ಲಿ ಯಾವುದನ್ನೇ ಕೇಳುವಾಗಲೂ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕೆಂದು ನನ್ನ ಸೂಚನೆ. ಆಯ್ದ ಕವಿತೆಗಳು ಕವಿಯ ಒಂದೇ ಮುಖವನ್ನು ತೋರಿಸುತ್ತವೆಯೇ, ಹಲವನ್ನೇ? ಮಟ್ಟು ಮಾತನ್ನು ಹೊತ್ತು ನಡೆಯುತ್ತದೆಯೇ, ಮಾತಿನ ಮೇಲೆ ಕುಳಿತುಕೊಳ್ಳುತ್ತದೆಯೇ? ಹಾಡು ಮುಗಿದ ಮೇಲೆ ಪುಸ್ತಕ ತೆರೆಯಬೇಕೆನಿಸುತ್ತದೆಯೇ? ಮೂರನೆಯದೇ ಮುಖ್ಯ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಭೀಮೆಯ ಆಚೆಯ ಹಲಸಂಗಿಯ ಗೆಳೆಯರು ಹೆಂಗಸರ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡು ೧೯೩೧ರಲ್ಲಿ 'ಗರತಿಯ ಹಾಡು' ಎಂಬ ಸಂಗ್ರಹವನ್ನು ಹೊರತಂದರು. ಅವರ ಬಳಿ ಇದ್ದುದು ಕಾಗದ ಮಾತ್ರ. ಆದುದರಿಂದ ಮಾತು ಉಳಿಯಿತು, ದನಿ ಉಳಿಯಲಿಲ್ಲ. ನಿಮ್ಮ ಕೈಯಲ್ಲಿ ಎರಡನ್ನೂ ಹಿಡಿಯುವ ಯಂತ್ರವಿದೆ. ಬೀಸುಕಲ್ಲಿನ ಪದವನ್ನೂ ತೊಟ್ಟಿಲ ಪದವನ್ನೂ ಬಲ್ಲ ಅಜ್ಜಿಯಂದಿರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಅವರ ಒಪ್ಪಿಗೆ ಪಡೆದು, ಹೆಸರು, ಊರು, ದಿನಾಂಕಗಳೊಡನೆ ಹತ್ತು ಪದಗಳನ್ನು ಹಿಡಿದಿಡಿರಿ. ಮಾತನ್ನು ಬೇರೆಯಾಗಿ ಬರೆದುಕೊಳ್ಳಿರಿ. ವಾದ್ಯ ಬೇಡ, ಮೇಳ ಬೇಡ. ಬರುವ ವರ್ಷದ ಮೆಚ್ಚಿನ ಸಂಪುಟ ಯಾವುದೆಂದು ಯಾರಾದರೂ ಕೇಳಿದರೆ, ನಮ್ಮ ಸಂಘವು ಅದರ ಹೆಸರನ್ನು ಹೇಳುವಂತಾಗಲಿ.